ಮೊದಲ ಅಸೈನ್‌ಮೆಂಟ್: ಕಾಲರಾ, ಒಂದು ಪಂಪು, 1500 ಪದ

ಸೋಮವಾರ

ಕಾಲೇಜಿನ ಮೊದಲ ಬರವಣಿಗೆ ಅಸೈನ್‌ಮೆಂಟ್ ಕೈಗೆ ಬಂದಿದೆ. ಸಾಂಕ್ರಾಮಿಕ ರೋಗಗಳ ಚರಿತ್ರೆಯ ಒಂದು ಘಟನೆ ಆರಿಸಿಕೊಂಡು 1500 ಪದ ಬರೆಯಬೇಕು. ಕೆಳಗೆ ಇನ್ನೊಂದು ಸಾಲು: ಬರೀ ಮಾಹಿತಿ ಬೇಡ, ನಿಮ್ಮ ವಾದ ಇರಲಿ. ಪೀಠಿಕೆ, ವಿವರಣೆ, ಉಪಸಂಹಾರ ಅಂತ ಬರೆದು ಅಭ್ಯಾಸ ಆದವರಿಗೆ ಈ ಸಾಲೇ ತಲೆನೋವು.

ಕಾಲರಾ ಆರಿಸಿದೆ. ಕಥೆ ಗೊತ್ತಿತ್ತು, ಅಷ್ಟೇ ಕಾರಣ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಹಬ್ಬಿತು. ಜಾನ್ ಸ್ನೋ ಅನ್ನುವ ಡಾಕ್ಟರು ಸಾವುಗಳನ್ನು ನಕ್ಷೆಯಲ್ಲಿ ಗುರುತು ಹಾಕಿದ. ಗುರುತುಗಳೆಲ್ಲ ಬ್ರಾಡ್ ಸ್ಟ್ರೀಟ್‌ನಲ್ಲಿ ಜನ ಕುಡಿಯುವ ನೀರು ಹಿಡಿಯುತ್ತಿದ್ದ ಕೈಪಂಪಿನ ಸುತ್ತ ಸೇರಿದವು. ಪಂಪಿನ ಹಿಡಿ ಕಿತ್ತರು, ರೋಗ ನಿಂತಿತು. ಹೇಳೋಕೆ ಚೆನ್ನಾಗಿದೆ. ಆದರೆ ಇದರಲ್ಲಿ ನನ್ನ ವಾದ ಎಲ್ಲಿ?

ಬುಧವಾರ

ವಿಷಯವನ್ನು ಪ್ರಶ್ನೆ ಮಾಡಿಕೊಳ್ಳುವ ಕೆಲಸ. ಒಂದು ಹಾಳೆ ತುಂಬ ಪ್ರಶ್ನೆ ಗೀಚಿದೆ. ಪರೀಕ್ಷೆ ಒಂದೇ: ಓದಿದವರು ಯಾರಾದರೂ ಇದಕ್ಕೆ ‘ಇಲ್ಲ’ ಅನ್ನಬಹುದಾ?

ಕೊಳಕು ನೀರಿನಿಂದ ಕಾಲರಾ ಬರುತ್ತಾ? ಮುಗಿದ ಮಾತು. ಸ್ನೋ ದೊಡ್ಡ ವೈದ್ಯನಾ? ಯಾರೂ ಜಗಳಕ್ಕೆ ಬರಲ್ಲ. ಹಿಡಿ ಕಿತ್ತಿದ್ದಕ್ಕೇ ರೋಗ ನಿಂತಿತಾ? ಇದರಲ್ಲಿ ಜೀವ ಇದೆ. ಇದನ್ನು ಇಟ್ಟುಕೊಂಡು ಓದಲು ಕೂತೆ.

ಗುರುವಾರ

ಓದಿದಷ್ಟೂ ಕಥೆ ಬೇರೆಯೇ ಆಗುತ್ತಿದೆ. ಹಿಡಿ ಕಿತ್ತದ್ದು ಸೆಪ್ಟೆಂಬರ್ 8. ಅಷ್ಟರಲ್ಲಿ ಜನ ಬೀದಿ ಬಿಟ್ಟು ಓಡಿಹೋಗಿದ್ದರು, ಸಾವು ಇಳಿಯತೊಡಗಿತ್ತು. ಇದನ್ನು ಸ್ನೋನೇ ಒಪ್ಪಿಕೊಂಡು ಬರೆದಿದ್ದಾನೆ. ಇನ್ನು ಆ ಹೆಸರುವಾಸಿ ನಕ್ಷೆ? ಅದನ್ನು ಜನರ ಮುಂದಿಟ್ಟದ್ದು ಡಿಸೆಂಬರ್‌ನಲ್ಲಿ. ನೀರಿನ ಮೇಲೆ ಅವನಿಗೆ ಅನುಮಾನ ಇದ್ದದ್ದು ಎಷ್ಟೋ ಮೊದಲು. 1849ರಲ್ಲೇ ಆ ಬಗ್ಗೆ ಕಿರುಪುಸ್ತಕ ಅಚ್ಚು ಹಾಕಿಸಿದ್ದ.

ಇಲ್ಲಿ ಪ್ರಶ್ನೆ ತಾನಾಗಿ ಹೊರಳಿತು. ಹಿಡಿಯ ವಿಷಯ ಹಿಂದೆ ಸರಿದು ನಕ್ಷೆ ಮುಂದೆ ಬಂತು. ಈಗ ಫೈಲಿನ ತುದಿಯಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ವಾಕ್ಯ ಇದೆ: ‘ಸ್ನೋ ನಕ್ಷೆ ನೋಡಿ ಕಾರಣ ಕಂಡುಹಿಡಿಯಲಿಲ್ಲ, ಕಂಡದ್ದನ್ನು ಬೇರೆಯವರಿಗೆ ಒಪ್ಪಿಸಲು ನಕ್ಷೆ ಬರೆದ.’ ಇದಕ್ಕೆ ಇಲ್ಲ ಅನ್ನುವವರು ಖಂಡಿತ ಇರುತ್ತಾರೆ. ಅದೇ ಬೇಕಿತ್ತು.

ಶುಕ್ರವಾರ

ನೋಟ್ಸ್ ವಿಂಗಡಣೆ. ಆ ವಾಕ್ಯಕ್ಕೆ ಬಲ ಕೊಡುವುದು ಒಂದು ಕಡೆ, ಎದುರು ನಿಲ್ಲುವುದು ಇನ್ನೊಂದು ಕಡೆ, ಎರಡೂ ಅಲ್ಲದ್ದು ಬೇರೆ ಫೈಲಿಗೆ. ಆ ಬೇರೆ ಫೈಲೇ ಜಾಸ್ತಿ ದಪ್ಪ ಆಗಿದೆ. ಲಂಡನ್ನಿನ ಎರಡು ನೀರಿನ ಕಂಪನಿಗಳನ್ನು ಸ್ನೋ ಹೋಲಿಸಿದ್ದಾನೆ: ಹತ್ತು ಸಾವಿರ ಮನೆಗೆ ಒಂದರಲ್ಲಿ 315 ಸಾವು, ಇನ್ನೊಂದರಲ್ಲಿ 37. ಎಂಥಾ ಅಂಕಿ! ಬಿಡೋಕೆ ಮನಸ್ಸಿಲ್ಲ. ಆದರೆ ನನ್ನ ನಕ್ಷೆಗೂ ಅದಕ್ಕೂ ಸಂಬಂಧ ಇಲ್ಲ, ಹೊರಗೆ ಹಾಕಿದೆ.

ನಿಜವಾದ ಮಾಲು ಸಿಕ್ಕಿದ್ದು ಲೆಕ್ಕಕ್ಕೆ ಹೊಂದದ ಪ್ರಸಂಗಗಳಲ್ಲಿ. ಪಂಪಿನ ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆಯಲ್ಲಿ 70ಕ್ಕೂ ಹೆಚ್ಚು ಕೆಲಸಗಾರರು. ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಪಂಪಿನ ನೀರು ಬೇಕಿರಲಿಲ್ಲ. ಹತ್ತಿರದ ಬಡವರ ಆಶ್ರಮದಲ್ಲಿ 535 ಜನ, ಸತ್ತದ್ದು 5. ಅಲ್ಲಿ ಅವರದೇ ಬಾವಿ ಇತ್ತು. ಇನ್ನೊಂದು ಕಡೆ, ಮೈಲಿಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ತೀರಿಕೊಂಡಳು. ಆ ಪಂಪಿನ ನೀರಿನ ರುಚಿ ಇಷ್ಟ ಅಂತ ಅಲ್ಲಿಂದಲೇ ತರಿಸಿಕೊಂಡು ಕುಡಿಯುತ್ತಿದ್ದಳಂತೆ. ನಕ್ಷೆಯ ಮೇಲೆ ಬರೀ ದೂರ ಹತ್ತಿರ ನೋಡಿದರೆ ಇವು ಯಾವುವೂ ಅರ್ಥ ಆಗಲ್ಲ. ಮನೆ ಮನೆಗೆ ಹೋಗಿ ಕೇಳಿದರೆ ಮಾತ್ರ ಗೊತ್ತಾಗುವ ಸಂಗತಿ.

ಎದುರು ಕಡೆಯೂ ಗಟ್ಟಿ ಮಾತೊಂದಿದೆ. ಸಾವಿನ ಪಟ್ಟಿ ತೆಗೆಸಿ ನೋಡಿದಾಗಲೇ ಪಂಪಿನ ಹತ್ತಿರದ ಮನೆಗಳು ಸ್ನೋನ ಕಣ್ಣಿಗೆ ಬಿದ್ದಿದ್ದವು. ಅಂದರೆ ಕಾಗದದ ಮೇಲೆ ಇಳಿಯುವ ಮೊದಲೇ ನಕ್ಷೆ ತಲೆಯಲ್ಲಿ ಇತ್ತು ಅನ್ನಬಹುದಲ್ವಾ? ಇದನ್ನು ಮುಚ್ಚಿಡುವ ಹಾಗಿಲ್ಲ, ಒಂದು ಪ್ಯಾರಾ ಕೊಡಲೇಬೇಕು.

ಭಾನುವಾರ

ಬರೆಯಲು ಶುರು. ಪೀಠಿಕೆಯ ಜಾಗದಲ್ಲಿ ‘ಆಮೇಲೆ’ ಅಂತಷ್ಟೇ ಹಾಕಿ ನೇರ ಬಿಯರ್ ಕಾರ್ಖಾನೆಗೆ ಇಳಿದೆ. ಏನು ಹೇಳುತ್ತೇನೆ ಅಂತ ಪೂರ್ತಿ ಗೊತ್ತಾಗುವ ಮೊದಲು ಅದನ್ನು ಪರಿಚಯಿಸುವುದು ಹೇಗೆ? ‘ಎಂಬುದನ್ನು ಇಲ್ಲಿ ಗಮನಿಸಬಹುದಾಗಿದೆ’ ಅನ್ನುವ ಬಾಲ ಪ್ರತಿ ವಾಕ್ಯಕ್ಕೂ ಅಂಟಿಕೊಳ್ಳುತ್ತಿದೆ. ಪದ ಸಂಖ್ಯೆ ಏರುತ್ತದೆ ನಿಜ, ಆದರೂ ಕಂಡಲ್ಲೆಲ್ಲ ಕತ್ತರಿಸುತ್ತಿದ್ದೇನೆ. ಪ್ರತಿ ನೋಟ್ ಪಕ್ಕ ಪುಟದ ಸಂಖ್ಯೆ ಆಗಲೇ ಬರೆದಿಟ್ಟಿದ್ದರಿಂದ ಆಧಾರ ಕೊಡಲು ಹುಡುಕಾಟ ಇಲ್ಲ.

ಸದ್ಯ 640 ಪದ. ವಿಧವೆಯ ಪ್ಯಾರಾ ಚೆನ್ನಾಗಿ ಕೂತಿದೆ, ಎದುರು ವಾದದ್ದು ಇನ್ನೂ ಕುಂಟುತ್ತಿದೆ. ನಾಳೆ ಆ ದಪ್ಪ ಅಕ್ಷರದ ವಾಕ್ಯವನ್ನು ಮೇಡಂಗೆ ತೋರಿಸಬೇಕು. ‘ನಕ್ಷೆ ನೋಡಿ ಕಂಡುಹಿಡಿಯಲಿಲ್ಲ’ ಅನ್ನುವಷ್ಟು ಜೋರಾಗಿ ಹೇಳಬಹುದಾ, ಸ್ವಲ್ಪ ತಗ್ಗಿಸಬೇಕಾ ಅಂತ ಕೇಳಿಕೊಂಡು ಮುಂದಿನ ಪ್ಯಾರಾಕ್ಕೆ ಹೋಗುತ್ತೇನೆ.