ಒಂದೇ ಚಳಿಗಾಲದಲ್ಲಿ ಎರಡು ಬದಲಾವಣೆ: 1966ರ ಜಿಟಿಒ ಕಾರಿನಿಂದ ನಾನು ಕಲಿತದ್ದು

ಅಮೆರಿಕದ ಮಿಷಿಗನ್‌ನಲ್ಲಿ ಹದಿನಾಲ್ಕು ವರ್ಷಗಳಿಂದ ಬ್ರೇಕ್ ಪರೀಕ್ಷಾ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡುವ ಮುನ್ನ ಇದ್ದ ಸ್ಥಿತಿಯನ್ನು ಅಳೆದು ಬರೆದಿಡಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಅದನ್ನು ಹೇಳಿಕೊಡುವ ಹೊಣೆಯೂ ನನ್ನದೇ. ಆದರೆ ಆ ಮಾತಿನ ತೂಕ ಪೂರ್ತಿಯಾಗಿ ನನ್ನ ಅರಿವಿಗೆ ಬಂದದ್ದು ಪ್ರಯೋಗಾಲಯದಲ್ಲಿ ಅಲ್ಲ, ಮನೆಯ ಗ್ಯಾರೇಜಿನಲ್ಲಿ, 1966ರ ಪಾಂಟಿಯಾಕ್ ಜಿಟಿಒ ಕಾರಿನ ಕೆಳಗೆ ಮಲಗಿದ್ದಾಗ.

ಪಾಂಟಿಯಾಕ್ ಎಂಬುದು ಡೆಟ್ರಾಯಿಟ್‌ನ ಉತ್ತರಕ್ಕಿರುವ ಊರಿನ ಹೆಸರೂ ಹೌದು. ಆ ಹೆಸರಿನ ಕಾರುಗಳ ತಯಾರಿಕೆ 2010ರ ಹೊತ್ತಿಗೆ ನಿಂತುಹೋಯಿತು. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸುವ ಆಲೋಚನೆ 1964ರಲ್ಲಿ ಜಿಟಿಒ ಆಗಿ ಹೊರಬಂದಿತು. 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ-8 ಎಂಜಿನ್ ಅದು. 1966ರ ಹೊತ್ತಿಗೆ ಒಂದೇ ಕಾರ್ಬ್ಯುರೇಟರ್ ಇದ್ದ ಎಂಜಿನ್ 335 ಅಶ್ವಶಕ್ತಿ, ಮೂರು ಕಾರ್ಬ್ಯುರೇಟರ್ ಇದ್ದದ್ದು 360 ಅಶ್ವಶಕ್ತಿ ಎಂದು ಕಂಪನಿ ನಮೂದಿಸುತ್ತಿತ್ತು. ಇಷ್ಟು ಶಕ್ತಿಯ, ಸುಮಾರು 1,600 ಕಿಲೋ ತೂಕದ ಕಾರನ್ನು ನಿಲ್ಲಿಸಲು ಇದ್ದದ್ದು ನಾಲ್ಕೂ ಚಕ್ರಗಳಿಗೆ ಒಂಬತ್ತೂವರೆ ಇಂಚಿನ ಡ್ರಮ್ ಬ್ರೇಕುಗಳು ಮತ್ತು ಪೆಡಲಿನ ಒತ್ತನ್ನು ಎಣ್ಣೆಯ ಮೂಲಕ ಚಕ್ರಗಳಿಗೆ ಕಳುಹಿಸುವ, ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್. ಯಾವುದೇ ಒಂದು ಚಕ್ರದ ಬಳಿ ಎಣ್ಣೆ ಸೋರಿದರೆ ನಾಲ್ಕೂ ಬ್ರೇಕುಗಳು ಕೈಕೊಡುತ್ತಿದ್ದವು. ಎರಡು ಕೋಣೆಯ ಸಿಲಿಂಡರ್ ಮರುವರ್ಷ, 1967ರ ಕಾರುಗಳಲ್ಲಿ ಬಂದಿತು. ಬ್ರೇಕ್ ವೃತ್ತಿಯವನಾದ ನನಗೆ ಈ ಕಾರನ್ನು ಇದ್ದ ಹಾಗೆಯೇ ರಸ್ತೆಗಿಳಿಸಲು ಮನಸ್ಸು ಒಪ್ಪಲಿಲ್ಲ. ಹಳೆಯ ಕಾರಿನ ಮೂಲರೂಪ ಉಳಿಯಬೇಕೆನ್ನುವವರ ಬಗ್ಗೆ ನನಗೆ ಗೌರವವಿದೆ. ಆದರೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿನಲ್ಲಿ ಬ್ರೇಕ್ ವಿಷಯಕ್ಕೆ ಆ ನಿಯಮ ಅನ್ವಯಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಚಳಿಗಾಲ ತುಕ್ಕಿನ ಕೆಲಸದಲ್ಲೇ ಕಳೆಯಿತು. ಇಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವುದರಿಂದ ಹಳೆಯ ಕಾರುಗಳ ಚಾಸಿ ಕೆಳಗಿನಿಂದ ತಿಂದುಹೋಗಿರುತ್ತದೆ. ಎರಡನೆಯ ಚಳಿಗಾಲದಲ್ಲಿ ಬ್ರೇಕ್ ಕೆಲಸ ಹಿಡಿದೆ. ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಹಳೆಯ ಬ್ರೇಕ್ ಶೂಗಳಲ್ಲಿ, ಉಸಿರಿನೊಳಗೆ ಹೋದರೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚಾದ್ದರಿಂದ ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ, ನೀರಿನಿಂದ ನೆನೆಸಿ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆಯಾಗಿಟ್ಟೆ. ಸಿಲಿಂಡರಿನಿಂದ ಇಳಿದ ಬ್ರೇಕ್ ಎಣ್ಣೆ ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಆ ನೀರು ಉಕ್ಕಿನ ಕೊಳವೆಯನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಆದ್ದರಿಂದ ಕೊಳವೆಗಳನ್ನೂ ಹೊಸದಾಗಿ ಬಾಗಿಸಿ ಹಾಕಿದೆ. ಅದೇ ಚೌಕಟ್ಟಿನ ನಂತರದ ವರ್ಷಗಳ ಕಾರುಗಳ ಸ್ಪಿಂಡಲ್ (ಮುಂದಿನ ಚಕ್ರ ಕೂರುವ ಭಾಗ) 1966ರ ಕಾರಿಗೂ ಹೊಂದುವುದರಿಂದ ಮುಂದಿನ ಚಕ್ರಗಳಿಗೆ ಡಿಸ್ಕ್, ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಹಿಂದಿನ ಚಕ್ರಗಳ ಒತ್ತಡವನ್ನು ಹದದಲ್ಲಿಡುವ ವಾಲ್ವ್ ಮತ್ತು ಎಂಜಿನ್ನಿನ ವ್ಯಾಕ್ಯೂಮ್ (ಗಾಳಿ ಹೀರುವ ಬಲ) ಬಳಸಿ ಕಾಲಿನ ಒತ್ತಿಗೆ ಬಲ ಸೇರಿಸುವ ಒಂಬತ್ತು ಇಂಚಿನ ಬೂಸ್ಟರ್ ಕೂರಿಸಿದೆ. ಬೂಸ್ಟರ್ ಏಕೆಂದರೆ, ಡ್ರಮ್ಮಿನಲ್ಲಿ ತಿರುಗುವ ಚಕ್ರವೇ ಶೂವನ್ನು ತನ್ನತ್ತ ಎಳೆದುಕೊಂಡು ಹಿಡಿತ ಹೆಚ್ಚಿಸುತ್ತದೆ. ಡಿಸ್ಕಿಗೆ ಆ ಸಹಾಯವಿಲ್ಲ, ಒತ್ತಡವೆಲ್ಲ ಪೆಡಲಿನ ಕಡೆಯಿಂದಲೇ ಬರಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ. ಎಂಜಿನ್ನಿನ ಮುಂಭಾಗ ಹೇಗೂ ತೆರೆದಿದೆಯಲ್ಲ ಎಂದು ಅದೇ ಚಳಿಗಾಲದಲ್ಲಿ ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟನ್ನೂ ಬದಲಿಸಿದೆ. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ, ಮೇಲಿನ ವೇಗದಲ್ಲಿ ಹೆಚ್ಚು ಶಕ್ತಿ ಕೊಡುವ ಕ್ಯಾಮ್ ಅದು. ಕಾರು ನಿಂತಲ್ಲೇ ಗುಡುಗುಡು ಎನ್ನುವ ಆ ಸದ್ದಿನ ಆಸೆಯೂ ನನಗಿತ್ತು.

ವಸಂತದ ಮೊದಲ ಓಡಾಟದಲ್ಲಿ ಹೆದ್ದಾರಿಯಲ್ಲಿ ಬ್ರೇಕ್ ಅಚ್ಚುಕಟ್ಟಾಗಿ ಹಿಡಿಯಿತು. ವಾಪಸಾಗುವಾಗ ವಾಹನಗಳ ಸಾಲಿನಲ್ಲಿ ತೆವಳುತ್ತಾ, ಮತ್ತೆ ಮತ್ತೆ ಬ್ರೇಕ್ ಒತ್ತುತ್ತಾ ಮನೆಯ ಹತ್ತಿರದ ಸಿಗ್ನಲ್ಲಿಗೆ ಬಂದೆ. ಅಲ್ಲಿ ಪೆಡಲ್ ಕಾಲಿನಡಿ ಕಲ್ಲಿನಂತೆ ನಿಂತುಬಿಟ್ಟಿತು. ಎರಡೂ ಕಾಲು ಕೊಟ್ಟು ಒತ್ತಿದರೂ ಕಾರು ಗೆರೆ ದಾಟಿ ಅರ್ಧ ಕಾರಿನಷ್ಟು ಮುಂದೆ ಹೋಗಿ ನಿಂತಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಮನೆ ತಲುಪಿದ ಮೇಲೂ ನನ್ನ ಕೈ ನಡುಗುತ್ತಿತ್ತು.

ಮುಂದಿನ ಮೂರು ವಾರಾಂತ್ಯಗಳಲ್ಲಿ ನಾನು ಕಾರಣ ಹುಡುಕಿದ್ದು ಬ್ರೇಕಿನಲ್ಲಿ ಮಾತ್ರ. ಕೊಳವೆಯಲ್ಲಿ ಗಾಳಿ ಉಳಿದಿದ್ದರೆ ಪೆಡಲ್ ಮೆತ್ತಗಾಗಬೇಕೇ ಹೊರತು ಗಟ್ಟಿಯಾಗುವುದಿಲ್ಲ ಎಂದು ತಿಳಿದಿದ್ದರೂ ಎರಡು ಸಲ ಗಾಳಿ ತೆಗೆದೆ. ಪ್ಯಾಡುಗಳನ್ನು ಮತ್ತೆ ಹದಗೊಳಿಸಿದೆ. ಕೊನೆಗೆ ಬೂಸ್ಟರ್ ಕೆಟ್ಟಿದೆಯೆಂದು ತೀರ್ಮಾನಿಸಿ ಮಾರಾಟಗಾರರಿಗೆ ಕಟುವಾಗಿ ಪತ್ರ ಬರೆದೆ. ಅವರು ಮರುಮಾತಿಲ್ಲದೆ ಬೇರೊಂದನ್ನು ಕಳುಹಿಸಿಕೊಟ್ಟರು. ಅದನ್ನು ಹಾಕಿದರೂ ಪೆಡಲ್ ಹಾಗೆಯೇ ಇತ್ತು. ಕಾರಣ ತಿಳಿದ ಮೇಲೆ ಅವರಿಗೆ ಮೊದಲು ಕ್ಷಮೆ ಕೇಳಿ ಬರೆದೆ.

ಸೋಮವಾರ ಊಟದ ಹೊತ್ತಿನಲ್ಲಿ ಇದನ್ನೆಲ್ಲ ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞರೊಬ್ಬರ ಬಳಿ ಹೇಳಿಕೊಂಡೆ. ಪೂರ್ತಿ ಕೇಳಿಸಿಕೊಂಡ ಅವರು ಒಂದೇ ಪ್ರಶ್ನೆ ಕೇಳಿದರು: “ಎಂಜಿನ್ ವ್ಯಾಕ್ಯೂಮ್ ಈಗ ಎಷ್ಟಿದೆ, ಮೊದಲು ಎಷ್ಟಿತ್ತು?” ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಕಚೇರಿಯಲ್ಲಿ ಆರಂಭದ ಅಳತೆ ಇಲ್ಲದ ಪರೀಕ್ಷಾ ವರದಿಗೆ ನಾನು ಸಹಿ ಹಾಕುವುದಿಲ್ಲ; ಮನೆಯ ಕಾರಿನ ವಿಷಯದಲ್ಲಿ ಅಂಥ ಒಂದು ಅಂಕಿಯನ್ನೂ ಬರೆದಿಟ್ಟಿರಲಿಲ್ಲ.

ಅಂದು ಸಂಜೆ ಎಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಅಳೆಯುವ ಗೇಜ್ ಸಿಕ್ಕಿಸಿದೆ. ಎಂಜಿನ್ ನಿಧಾನಗತಿಯಲ್ಲಿದ್ದಾಗ ಮುಳ್ಳು ಪಾದರಸದ 9 ಮತ್ತು 11 ಇಂಚುಗಳ ನಡುವೆ ನಡುಗುತ್ತಿತ್ತು. ಹಳೆಯ ಕ್ಯಾಮ್ ಇರುವ ಆರೋಗ್ಯವಂತ ಎಂಜಿನ್ನಿನಲ್ಲಿ ಅದು 17 ಅಥವಾ 18ರ ಬಳಿ ಸ್ಥಿರವಾಗಿ ನಿಲ್ಲಬೇಕು. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಹೊಸ ಕ್ಯಾಮ್‌ನಿಂದಾಗಿ ನಿಧಾನಗತಿಯಲ್ಲಿ ವ್ಯಾಕ್ಯೂಮ್ ಕುಗ್ಗಿತ್ತು. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಒಂಬತ್ತು ಇಂಚು ವ್ಯಾಸದ ಬೂಸ್ಟರಿನ ಪೊರೆಯ ವಿಸ್ತೀರ್ಣ ಸುಮಾರು 64 ಚದರ ಇಂಚು. 18 ಇಂಚು ವ್ಯಾಕ್ಯೂಮ್ ಎಂದರೆ ಚದರ ಇಂಚಿಗೆ 8.8 ಪೌಂಡ್; ಆಗ ಬೂಸ್ಟರ್ ಸೇರಿಸುವ ಬಲ, ಒಳನಷ್ಟವನ್ನು ಬಿಟ್ಟರೆ, ಸುಮಾರು 560 ಪೌಂಡ್. 10 ಇಂಚಿಗೆ ಅದು 310ರ ಆಸುಪಾಸಿಗೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಕಾಲು ಎತ್ತಿದಾಗ ವ್ಯಾಕ್ಯೂಮ್ ಏರಿ ಬೂಸ್ಟರ್ ತುಂಬಿಕೊಳ್ಳುತ್ತಿದ್ದುದರಿಂದ ಅಲ್ಲಿ ಬ್ರೇಕ್ ಚೆನ್ನಾಗಿತ್ತು. ತೆವಳುವ ಸಾಲಿನಲ್ಲಿ ಪ್ರತಿ ಒತ್ತಿಗೂ ಒಂದಿಷ್ಟು ಖರ್ಚಾಗಿ, ಮರುಪೂರಣ ಆಗದೆ, ಸಿಗ್ನಲ್ ತಲುಪುವಷ್ಟರಲ್ಲಿ ಬರಿದಾಗಿತ್ತು. ಬೂಸ್ಟರ್ ಸರಿಯಾಗಿತ್ತು, ಕ್ಯಾಮ್ ಕೂಡ ಸರಿಯಾಗಿತ್ತು. ಅವೆರಡನ್ನು ಜೋಡಿಸುವ ಅರ್ಧ ಇಂಚಿನ ರಬ್ಬರ್ ಮೆದುಗೊಳವೆಯ ಎರಡು ತುದಿಗಳಲ್ಲಿ ಏನೇನು ನಿರೀಕ್ಷೆಗಳಿವೆ ಎಂಬುದನ್ನು ಮಾತ್ರ ನಾನು ನೋಡಿರಲಿಲ್ಲ.

ಹಳೆಯ ಕ್ಯಾಮ್ ಮತ್ತೆ ಹಾಕೋಣವೆಂದರೆ ಆ ದಾರಿಯನ್ನೂ ನಾನೇ ಮುಚ್ಚಿಬಿಟ್ಟಿದ್ದೆ. ಕ್ಯಾಮಿನ ಚಲನೆಯನ್ನು ವಾಲ್ವಿಗೆ ಮುಟ್ಟಿಸುವ ಈ ಎಂಜಿನ್ನಿನ ಹದಿನಾರು ಲಿಫ್ಟರುಗಳು ವರ್ಷಗಟ್ಟಲೆ ಕ್ಯಾಮಿನ ತಮ್ಮ ತಮ್ಮ ಲೋಬಿನ (ಉಬ್ಬಿನ) ಮೇಲೆ ಉಜ್ಜಿ ಅದಕ್ಕೆ ತಕ್ಕಂತೆ ಸವೆದಿರುತ್ತವೆ. ಸ್ಥಳ ಬದಲಾದರೆ ಲಿಫ್ಟರ್, ಲೋಬ್ ಎರಡೂ ಬೇಗ ಹಾಳಾಗುತ್ತವೆ. ನಾನು ಅವನ್ನು ಬಿಚ್ಚಿ ಒಂದೇ ಡಬ್ಬಿಗೆ ಸುರಿದಿದ್ದೆ. ಹರಿಹರದಲ್ಲಿ ಲೇತ್ ಯಂತ್ರದ ಮುಂದೆ ಜೀವಮಾನ ಕಳೆದ ನನ್ನ ತಂದೆಗೆ ಫೋನಿನಲ್ಲಿ ಇದನ್ನು ಹೇಳಿದಾಗ, “ಬಿಚ್ಚೋವಾಗ್ಲೇ ಸಾಲಾಗಿ ಜೋಡಿಸಿಡಬೇಕಿತ್ತಲ್ಲೋ ತಮ್ಮಾ” ಎಂದಷ್ಟೇ ಅಂದರು. ವಿದ್ಯುತ್ ವ್ಯಾಕ್ಯೂಮ್ ಪಂಪ್ ಹಾಕಬಹುದಿತ್ತು, ಅಥವಾ ಬೂಸ್ಟರ್ ಬಿಟ್ಟು ಸಣ್ಣ ವ್ಯಾಸದ ಮಾಸ್ಟರ್ ಸಿಲಿಂಡರ್ ಬಳಸಬಹುದಿತ್ತು; ಒಂದು ಇಂಚಿನ ಬದಲು 7/8 ಇಂಚಿನದಾದರೆ ಅದೇ ಕಾಲಿನ ಬಲಕ್ಕೆ ಒತ್ತಡ ಸುಮಾರು ಶೇ. 30 ಹೆಚ್ಚುತ್ತದೆ, ಪೆಡಲ್ ಮಾತ್ರ ಹೆಚ್ಚು ದೂರ ಹೋಗುತ್ತದೆ. ಬ್ರೇಕ್ ವ್ಯವಸ್ಥೆಗೆ ಇನ್ನೊಂದು ಯಂತ್ರವನ್ನು ಸೇರಿಸುವುದಕ್ಕಿಂತ ಎಂಜಿನ್ನಿನ ಆಸೆಯನ್ನು ತಗ್ಗಿಸುವುದೇ ಸರಿಯೆನ್ನಿಸಿ ಸೌಮ್ಯವಾದ ಹೊಸ ಕ್ಯಾಮ್ ಮತ್ತು ಹೊಸ ಲಿಫ್ಟರುಗಳನ್ನು ತಂದೆ. ಹೊಸ ಲಿಫ್ಟರುಗಳು ಲೋಬಿಗೆ ಹೊಂದಿಕೊಳ್ಳಲೆಂದು ಸತುವಿನ ಅಂಶ ಹೆಚ್ಚಿರುವ ಎಣ್ಣೆ ಹಾಕಿ, ಶುರು ಮಾಡಿದ ಕೂಡಲೇ ಎಂಜಿನ್ ವೇಗವನ್ನು ನಿಮಿಷಕ್ಕೆ 2,000 ಸುತ್ತಿಗಿಂತ ಮೇಲೆ ಇಟ್ಟು ಅರ್ಧ ಗಂಟೆ ಓಡಿಸಿದೆ. ತಣ್ಣಗಾದ ಮೇಲೆ ಮತ್ತೆ ಶುರು ಮಾಡಿದಾಗ ಗೇಜಿನ ಮುಳ್ಳು 17ರ ಮೇಲೆ ಅಲುಗದೆ ನಿಂತಿತು.

ಅದೇ ವರ್ಷ ಕಚೇರಿಯಲ್ಲಿ ಒಂದು ಮಾದರಿ ವಾಹನದ ಪೆಡಲ್ ಮಿತಿಗಿಂತ ಹೆಚ್ಚು ಕೆಳಗೆ ಹೋಗುತ್ತಿತ್ತು. ಒಂದು ತಂಡ, ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕಿಗೆ ಉಜ್ಜುವುದು ಕಡಿಮೆಯಾಗಲೆಂದು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ತುಸು ಹೆಚ್ಚು ಹಿಂದೆ ಸರಿಯುವಂತೆ ಸೀಲಿನ ಕಾಲುವೆಯನ್ನು ಬದಲಿಸಿತ್ತು. ಇನ್ನೊಂದು ತಂಡ ಕೀರಲು ಸದ್ದು ತಗ್ಗಲೆಂದು ಪ್ಯಾಡಿನ ಹಿಂದಿನ ಪದರವನ್ನು ಮೆದು ಮಾಡಿತ್ತು. ಎರಡೂ ತಂಡಗಳು ತಮ್ಮ ಭಾಗ ನಕ್ಷೆಯ ಮಿತಿಯೊಳಗಿದೆ ಎಂದು ತೋರಿಸಿದವು, ಇಬ್ಬರೂ ಹೇಳಿದ್ದು ನಿಜವಾಗಿತ್ತು. ಮೊದಲಿನ ನಾನಾಗಿದ್ದರೆ ಯಾರ ಭಾಗದಲ್ಲಿ ದೋಷವಿದೆ ಎಂದು ಹುಡುಕುತ್ತಿದ್ದೆ. ಈ ಸಲ ಹಳೆಯ ಕ್ಯಾಲಿಪರ್ ಹಾಕಿ ಒಮ್ಮೆ, ಹಳೆಯ ಪ್ಯಾಡ್ ಹಾಕಿ ಒಮ್ಮೆ ಅಳೆಯೋಣ ಎಂದೆ. ಒಂದೊಂದೇ ಬದಲಾವಣೆ ಇದ್ದಾಗ ಪೆಡಲ್ ಮಿತಿಯೊಳಗೇ ಇತ್ತು; ಎರಡೂ ಕೂಡಿದಾಗ ಎಣ್ಣೆಯ ಬೇಡಿಕೆ ಕೂಡಿಕೊಂಡು ಮಿತಿ ದಾಟುತ್ತಿತ್ತು. ಎರಡು ದಿನಗಳಲ್ಲಿ ಇದು ತಿಳಿದದ್ದು ಹಳೆಯ ಭಾಗಗಳನ್ನು ಯಾರೋ ಹೆಸರು, ಸಂಖ್ಯೆ ಅಂಟಿಸಿ ಕಪಾಟಿನಲ್ಲಿ ಉಳಿಸಿದ್ದರಿಂದ. ಅಂದಿನಿಂದ ನಮ್ಮ ಬದಲಾವಣೆಯ ಅರ್ಜಿಯಲ್ಲಿ ಎರಡು ಸಾಲು ಸೇರಿಸಿಕೊಂಡಿದ್ದೇವೆ: ಈ ಭಾಗಕ್ಕೆ ತಾಗಿಕೊಂಡಿರುವ ಬೇರೆ ಭಾಗಗಳಲ್ಲಿ ಈಗ ಏನು ಬದಲಾಗುತ್ತಿದೆ, ಮತ್ತು ಹಳೆಯ ಭಾಗ ಎಲ್ಲಿದೆ.

ಗ್ಯಾರೇಜಿನ ಗೋಡೆಗೆ ಈಗ ಒಂದು ನೋಟ್‌ಬುಕ್ ತೂಗುಹಾಕಿದ್ದೇನೆ. ಬರುವ ಚಳಿಗಾಲದಲ್ಲಿ ಹಿಂದಿನ ಡ್ರಮ್ಮುಗಳ ವೀಲ್ ಸಿಲಿಂಡರುಗಳನ್ನು ಬದಲಿಸಬೇಕಾಗಿದೆ, ಬೇರೇನನ್ನೂ ಮುಟ್ಟುವುದಿಲ್ಲ. ಪೆಡಲಿನ ಎತ್ತರ, ಅದು ಇಳಿಯುವ ದೂರ, ನಿಧಾನಗತಿಯ ವ್ಯಾಕ್ಯೂಮ್, ಮುಂದಿನ ಮತ್ತು ಹಿಂದಿನ ಕೊಳವೆಗಳ ಒತ್ತಡ, ಇಷ್ಟನ್ನೂ ಕಳೆದ ಭಾನುವಾರವೇ ಅಳೆದು ಬರೆದಿಟ್ಟಿದ್ದೇನೆ.