ಹಿಮ ನಾನು ನೋಡಿಯೇ ಇಲ್ಲ

9 ಮಾರ್ಚ್ 2025, ಭಾನುವಾರ
ಸುಂಟಿಕೊಪ್ಪ

ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆದು ಇವತ್ತಿಗೆ 9 ದಿನ. ರೊಬಸ್ಟಾ ಕಾಫಿ ಪೂರಾ ಅರಳಿದೆ. ಬೆಳಿಗ್ಗೆ ಜಗಲಿಯಲ್ಲಿ ಕೂತು ಒಂದು ಸಾಲು ಬರೆದೆ: ‘ಹಿಮ ಸುರಿದಂತೆ ತೋಟವೆಲ್ಲ ಶ್ವೇತಮಯ.’ ಖುಷಿಯಾಗಿ ಅಪ್ಪನಿಗೆ ಓದಿ ಹೇಳಿದೆ.

“ಹಿಮ ನೀನು ಎಲ್ಲಿ ನೋಡಿದ್ದು?” ಅಂದರು.

ನೋಡಿಲ್ಲ. ಸಿನಿಮಾದಲ್ಲಿ ಬಿಟ್ಟರೆ ಎಲ್ಲೂ ನೋಡಿಲ್ಲ. ‘ಶ್ವೇತಮಯ’ ಅನ್ನುವ ಮಾತನ್ನೂ ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ.

ಅಪ್ಪ ಕೇಳಿದ್ದು ನಮ್ಮ ಮನೆಮಾತು ಅರೆಭಾಷೆಯಲ್ಲಿ. ನಾನು ಇಲ್ಲಿ ಶಾಲೆಯ ಕನ್ನಡಕ್ಕೆ ತಿರುಗಿಸಿ ಬರೆದೆ. ಕೈ ತಾನಾಗೇ ತಿರುಗಿಸುತ್ತದೆ. ಮನೆಯಲ್ಲಿ ‘ಮಳೆ ಉಟ್ಟು’ ಅನ್ನೋದು, ಬರೆಯುವಾಗ ‘ಮಳೆ ಇದೆ’ ಅನ್ನೋದು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ‘ಉಟ್ಟು’ ಅಂದಾಗ ಇಡೀ ಕ್ಲಾಸು ನಕ್ಕಿತ್ತು. ಆಮೇಲಿಂದ ಒಂದು ಪದ ತಪ್ಪೀತು ಅನ್ನೋ ಭಯಕ್ಕೆ ಅದರ ಮೇಲೆ ಮೂರು ಅಲಂಕಾರ ಹೊದಿಸೋ ಚಾಳಿ ಬಂತು. 2011ರಲ್ಲಿ ಅರೆಭಾಷೆಗೆ ಅಂತಲೇ ಅಕಾಡೆಮಿ ಆಯ್ತು. ನನ್ನ ಭಯ ಮಾತ್ರ ಇನ್ನೂ ಹೋಗಿಲ್ಲ.

ಅಪ್ಪನ ಮಳೆ ಪುಸ್ತಕ ತೆಗೆದೆ. ಕಾಫಿ ತೋಟದವರ ಮನೆಯಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ ಅಲ್ವಾ? ರೈನ್ ಗೇಜ್ ನೋಡಿ ಇಂಚು, ಸೆಂಟು ಲೆಕ್ಕ ಬರೆಯೋದು. 100 ಸೆಂಟಿಗೆ ಒಂದು ಇಂಚು. ಪುಟದ ಮೂಲೆ ಜಿಗಟು, ಒಂದು ಕಡೆ ಕಾಫಿ ಲೋಟದ ಉಂಗುರ. ಒಂದು ವರ್ಷದ್ದು ಹೀಗಿದೆ: ‘1-20. ಹೂ ಮಳೆ. ಸಾಕು.’ 20 ದಿನ ಬಿಟ್ಟು: ‘ಬ್ಯಾಕಿಂಗ್ ಬರಲಿಲ್ಲ.’ ಅಷ್ಟೇ.

ಹೂ ಅರಳಿಸೋದು ಹೂ ಮಳೆ, ಹೂ ಬಿಟ್ಟ ಮೇಲೆ ಬರಬೇಕಾದ ಎರಡನೇ ಮಳೆ ಬ್ಯಾಕಿಂಗ್. ಅದು ಬಾರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಆ ವರ್ಷದ ಗೋಳು ಪೂರ್ತಿ ‘ಬರಲಿಲ್ಲ’ ಅನ್ನೋದರಲ್ಲೇ ಇದೆ. ನಾನಾಗಿದ್ದರೆ ಆಕಾಶವನ್ನು ಅಳಿಸಿ, ಭೂಮಿಯನ್ನು ಬಾಯಾರಿಸಿ ಎರಡು ಪುಟ ತುಂಬಿಸುತ್ತಿದ್ದೆ.

ಹಾಗಂತ ಅಪ್ಪನ ಹಾಗೆ ಬರೆಯೋಕೂ ನನಗಾಗಲ್ಲ. ನನಗೆ ಮಾತು ಜಾಸ್ತಿ. ಸುಮ್ನೆ ಚಿಕ್ಕ ಚಿಕ್ಕ ವಾಕ್ಯ ಹಾಕಿದರೆ ಅದೂ ಇನ್ನೊಂದು ವೇಷವೇ.

ಮಧ್ಯಾಹ್ನ ಗಿಡದ ಹತ್ತಿರ ಹೋಗಿ ನಿಂತೆ. ಹೂ ಎಲ್ಲೆಲ್ಲೂ ಇಲ್ಲ. ಗೆಣ್ಣಿಗೊಂದು ಗುಂಪು, ನಡುವೆ ಬರೀ ಕಡ್ಡಿ. ಜೇನುಗಳ ಸದ್ದಿಗೆ ಪಕ್ಕದಲ್ಲಿದ್ದವರು ಹೇಳಿದ್ದೂ ಕೇಳದು. ಕೆಳಗಿನ ಸಾಲಿನಲ್ಲಿ ಆಗಲೇ ಹೂ ಕಂದು ತಿರುಗುತ್ತಿದೆ. ಬೆಳಗಿನ ಸಾಲು ಹೊಡೆದು ಹಾಕಿ ಇದನ್ನೇ ಬರೆದೆ. ಕೊನೆಗೆ, ‘ರಾತ್ರಿ ಈ ವಾಸನೆಗೆ ಅವ್ವನಿಗೆ ತಲೆನೋವು ಉಟ್ಟು’ ಅಂತ ಸೇರಿಸಿದೆ. ‘ಉಟ್ಟು’ ತಿದ್ದಲಿಲ್ಲ.

ಈ ಸಲ ಓದಿ ಹೇಳಿದ್ದು ಅವ್ವನಿಗೆ. “ನನ್ನ ತಲೆನೋವನ್ನು ಊರಿಗೆಲ್ಲ ಹೇಳ್ಬೇಕಾ?” ಅಂದು ಒಳಗೆ ಹೋದರು.