ಮಾವನ ಜಗಲಿಯಲ್ಲಿ ಅಮೆರಿಕದ ಶಾಲೆ ಮತ್ತು ಪೇಪರು

ಅಕ್ಕನಿಗೆ ಆಪರೇಷನ್ ಆಯ್ತು ಅಂತ ಒಹಾಯೋಗೆ ಹೋಗಿ ಐದು ತಿಂಗಳು ಅವಳ ಮನೆಯಲ್ಲಿ ಅಡಿಗೆ ಮಾಡಿಕೊಂಡು ಇದ್ದು ಬಂದವಳು ನಾನು, ಆದ್ರೆ ಉಡುಪಿಯ ಮಾವನ ಲೆಕ್ಕದಲ್ಲಿ ನಾನೀಗ ಅಮೆರಿಕ ಎಕ್ಸ್‌ಪರ್ಟು. ಮಾವ ರಿಟೈರ್ಡ್ ಹೈಸ್ಕೂಲ್ ಮಾಸ್ಟ್ರು, ಸಮಾಜ ಪಾಠ. ಮೊನ್ನೆ ಭಾನುವಾರ ಹೋದಾಗ ಚಾ ಕೈಗೆ ಬರುವ ಮೊದಲೇ ಶುರು, "ಅಲ್ಲ ಮಾರಾಯ್ತಿ, ಅಲ್ಲಿ ಎಸ್ಸೆಸ್ಸೆಲ್ಸಿ ತರ ಪಬ್ಲಿಕ್ ಪರೀಕ್ಷೆಯೇ ಇಲ್ವಂತೆ, ಮತ್ತೆ ಮಕ್ಕಳು ಪಾಸಾಗುದು ಹೇಗೆ?"

ನಾಲ್ಕು ವರ್ಷ ಹೈಸ್ಕೂಲಲ್ಲಿ ತಗೊಂಡ ಒಂದೊಂದು ಸಬ್ಜೆಕ್ಟಿಗೂ ಕ್ರೆಡಿಟ್ ಉಂಟು, ಅದು ಸೇರಿ ಸೇರಿ ಡಿಪ್ಲೊಮಾ ಆಗ್ತದೆ, ರಾಜ್ಯದ ಟೆಸ್ಟುಗಳೂ ಉಂಟು, ಆದ್ರೆ ರ‍್ಯಾಂಕ್ ಬಂದವರ ಫೋಟೋ ಫ್ಲೆಕ್ಸಲ್ಲಿ ಹಾಕುವ ಗೌಜಿ ನಾನಂತೂ ನೋಡ್ಲಿಲ್ಲ ಅಂದೆ. ಮಾವನಿಗೆ ಸಮಾಧಾನ ಆಗ್ಲಿಲ್ಲ. "ಸಿಲೆಬಸ್ ಯಾರು ಮಾಡುದು, ವಾಷಿಂಗ್ಟನ್ನಾ?"

ಮಜಾ ಇರುದು ಇಲ್ಲೇ. ಅಲ್ಲಿಯ ಸಂವಿಧಾನದಲ್ಲಿ ಶಿಕ್ಷಣ ಅನ್ನುವ ಶಬ್ದವೇ ಇಲ್ಲ, ಹಾಗಾಗಿ ಅದು ರಾಜ್ಯಗಳ ಕೈಯಲ್ಲಿ. ಕೇಂದ್ರದ ಶಿಕ್ಷಣ ಇಲಾಖೆಗೆ ಕಾನೂನು ಆದದ್ದೇ 1979ರಲ್ಲಿ, ಇಂಥದ್ದೇ ಪಾಠ ಮಾಡಿ ಅಂತ ಹೇಳುವ ಅಧಿಕಾರ ಅದಕ್ಕೆ ಇಲ್ಲ, ಅದನ್ನೂ ಮುಚ್ಚಬೇಕು ಅಂತ 2025ರಲ್ಲಿ ಟ್ರಂಪ್ ಆದೇಶಕ್ಕೆ ಸೈನ್ ಹಾಕಿ ಆಗಿದೆ. ರಾಜ್ಯ ಒಂದು ಚೌಕಟ್ಟು ಹಾಕಿ ಕೊಡ್ತದೆ, ದಿನದ ಕಾರುಬಾರೆಲ್ಲ ಊರಿನ ಸ್ಕೂಲ್ ಬೋರ್ಡಿನದ್ದು. ಅಕ್ಕನ ಬೀದಿಯಲ್ಲಿ ಮನೆ ಮನೆ ಎದುರು ಹುಲ್ಲಿನ ಮೇಲೆ ಸಣ್ಣ ಸಣ್ಣ ಬೋರ್ಡು ಕುತ್ತಿದ್ರು, ನಾನು ಯಾರೋ ಎಂ.ಎಲ್.ಎ. ನಿಂತಿದ್ದಾರೆ ಅಂದುಕೊಂಡೆ, ನೋಡಿದ್ರೆ ಶಾಲೆಗೋಸ್ಕರ ಮನೆ ತೆರಿಗೆ ಜಾಸ್ತಿ ಮಾಡ್ಬೇಕಾ ಬೇಡ್ವಾ ಅಂತ ಊರಿನವರು ವೋಟು ಹಾಕ್ಲಿಕ್ಕಿರುದಂತೆ!

"ಓ, ನಮ್ಮ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಸಮಿತಿ ಹಾಗೆ" ಅಂದ್ರು ಮಾವ.

"ಎಸ್‌ಡಿಎಂಸಿಗೆ ತೆರಿಗೆ ಕೇಳ್ಲಿಕ್ಕೆ ಆಗ್ತದಾ ಮಾವ? ಟೀಚರನ್ನು ಕೆಲಸಕ್ಕೆ ತಗೊಳ್ಲಿಕ್ಕೆ ಆಗ್ತದಾ?"

ಹಾಗಂತ ಅದು ಸ್ವರ್ಗ ಅಲ್ಲ. ದೊಡ್ಡ ಮನೆಗಳ ಊರಲ್ಲಿ ತೆರಿಗೆ ಜಾಸ್ತಿ ಬರ್ತದೆ, ಶಾಲೆಯಲ್ಲಿ ಈಜುಕೊಳ, ಬಡವರ ಊರಲ್ಲಿ ಸೋರುವ ಮಾಡು. ಹೀಗೆ ಮನೆ ತೆರಿಗೆಯನ್ನೇ ನಂಬಿ ಶಾಲೆ ನಡೆಸುದು ರಾಜ್ಯದ ಸ್ವಂತ ಸಂವಿಧಾನಕ್ಕೆ ವಿರುದ್ಧ ಅಂತ ಒಹಾಯೋದ ಸುಪ್ರೀಂ ಕೋರ್ಟೇ 1997ರಲ್ಲಿ ಹೇಳಿತ್ತು, ಆದ್ರೂ ನಾನು ಇರುವಾಗಲೂ ಆ ವೋಟು ನಡೀತಾನೇ ಇತ್ತು.

ಮತ್ತೆ ಪೇಪರಿನ ಮಾತು ಬಂತು. ಮಾವನ ಕೈಯಲ್ಲಿ ಯಾವಾಗಲೂ ಪೇಪರು ಇರ್ತದೆ. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ನಮ್ಮ ಮಂಗಳೂರಲ್ಲೇ ಹುಟ್ಟಿದ್ದು, ಬಾಸೆಲ್ ಮಿಷನಿನ ಮೋಗ್ಲಿಂಗ್ ತಂದ ಮಂಗಳೂರ ಸಮಾಚಾರ, ಅಂತ ನೂರನೇ ಸಲ ಹೇಳಿ, "ಅಮೆರಿಕದಲ್ಲಾದ್ರೆ ಯಾರು ಎಂತ ಬೇಕಾದ್ರೂ ಬರೀಬಹುದಲ್ಲ" ಅಂದ್ರು.

ಅರ್ಧ ಸರಿ. ಅವರ ಸಂವಿಧಾನದ ಮೊದಲ ತಿದ್ದುಪಡಿ, 1791ರದ್ದು, ಪತ್ರಿಕೆಯ ಬಾಯಿ ಕಟ್ಟುವ ಕಾನೂನು ಮಾಡ್ಬಾರ್ದು ಅಂತದೆ. ನಮ್ಮ ಮೊದಲ ತಿದ್ದುಪಡಿ 1951ರದ್ದು, ಅದು ಮಾತಿನ ಹಕ್ಕಿಗೆ ಇನ್ನೂ ಮೂರು ಬೇಲಿ ಹಾಕಿದ್ದು. ಮಾವ ಜೋರು ನಗಾಡಿದ್ರು, ಇಷ್ಟು ವರ್ಷ ಪಾಠ ಮಾಡಿದ್ರೂ ಎರಡನ್ನೂ ಹತ್ತಿರ ಇಟ್ಟು ನೋಡಿರಲಿಲ್ಲವಂತೆ. ಆದ್ರೆ ಅವರ ತಿದ್ದುಪಡಿ ಹಿಡಿದು ನಿಲ್ಲಿಸುದು ಸರ್ಕಾರವನ್ನು ಮಾತ್ರ, ಪ್ರೈವೇಟ್ ಶಾಲೆಗೆ ಅದು ತಾಗುದೇ ಇಲ್ಲ. ಸರ್ಕಾರಿ ಶಾಲೆಯ ಕಥೆ ಕೇಳಿ. ವಿಯೆಟ್ನಾಂ ಯುದ್ಧ ಬೇಡ ಅಂತ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಹೋದ ಮಕ್ಕಳನ್ನು ಸಸ್ಪೆಂಡ್ ಮಾಡಿದ್ರು, 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಕ್ಕಳ ಪರ ನಿಂತಿತು. ಭಾರೀ ಒಳ್ಳೆದು. ಆದ್ರೆ 1983ರಲ್ಲಿ ಮಿಸೌರಿಯ ಹೇಜಲ್‌ವುಡ್ ಅನ್ನುವಲ್ಲಿ ಮಕ್ಕಳೇ ಮಾಡುವ ಶಾಲಾ ಪೇಪರಲ್ಲಿ ಬಸಿರಾದ ಹುಡುಗಿಯರ ಬಗ್ಗೆ, ಅಪ್ಪ ಅಮ್ಮನ ಡೈವೋರ್ಸ್ ಬಗ್ಗೆ ಬರೆದಿದ್ದ ಎರಡು ಪುಟವನ್ನು ಪ್ರಿನ್ಸಿಪಾಲರು ತೆಗೆಸಿಬಿಟ್ರು, ಮಕ್ಕಳು ಕೇಸ್ ಹಾಕಿದ್ರು, 1988ರಲ್ಲಿ ಅದೇ ಸುಪ್ರೀಂ ಕೋರ್ಟು 5-3ರಲ್ಲಿ ಶಾಲೆ ಮಾಡಿದ್ದು ಸರಿ ಅಂತು. ಕಾರಣ ಎಂತದು ಅಂದ್ರೆ ಪೇಪರು ಕ್ಲಾಸಿನ ಪಾಠದ ಒಂದು ಭಾಗ, ದುಡ್ಡೂ ಶಾಲೆಯದ್ದು. ಪಟ್ಟಿ ಮಕ್ಕಳದ್ದು, ಪೇಪರು ಶಾಲೆಯದ್ದು, ಅಷ್ಟೇ ವ್ಯತ್ಯಾಸ.

ಇದನ್ನು ಹೇಳುವಾಗ ನನಗೆ ಸ್ವಲ್ಪ ಕೋಪವೇ ಬಂತು, ಯಾಕಂದ್ರೆ ಡಿಗ್ರಿಯಲ್ಲಿರುವಾಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ಹಾಸ್ಟೆಲ್ ನೀರಿನ ಬಗ್ಗೆ ನಾನೊಂದು ಬರೆದಿದ್ದೆ, ಟ್ಯಾಂಕಿಯಲ್ಲಿ ಕಪ್ಪೆ ಸಿಕ್ಕಿದ್ದು ಸಮೇತ. ಪ್ರಿಂಟಾಗಿ ಬಂದಾಗ ನನ್ನ ಪುಟದಲ್ಲಿ ಯಕ್ಷಗಾನದ ಬಣ್ಣದ ವೇಷದ ಒಂದು ಫೋಟೋ, ಅದೂ ಬ್ಲ್ಯಾಕ್ ಆಂಡ್ ವೈಟಲ್ಲಿ. ಯಾರೂ ಎಂತದೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಆ ಹೇಜಲ್‌ವುಡ್ ಮಕ್ಕಳು ಸೋತ್ರೂ ಸುಪ್ರೀಂ ಕೋರ್ಟಿನವರೆಗೆ ಹೋದ್ರಲ್ಲ.

ಮಾವ ಪೇಪರು ಮಡಚಿ ಇಟ್ರು. "ಬರೆದದ್ದು ಉಂಟಾ ಈಗ?"

ಇಲ್ಲ, ಕೈಯಲ್ಲಿ ಬರೆದದ್ದು ಒಂದೇ ಕಾಪಿ, ಅದನ್ನೇ ಕೊಟ್ಟದ್ದು.

"ಜೆರಾಕ್ಸ್ ಮಾಡ್ಸಬೇಕಿತ್ತು ಮಾರಾಯ್ತಿ" ಅಂದ್ರು, ಅಷ್ಟರಲ್ಲಿ ಅತ್ತೆ ಗೋಳಿಬಜೆ ತಂದ್ರು.